ಎಕ್ಸ್-ರೇಯಲ್ಲಿ ಏನೂ ಇಲ್ಲವೆಂದರೆ ಎಲ್ಲ ಸರಿಯೇ?



"ಫೋಟೋದಾಗ ಏನೂ ಇಲ್ರಿ, ಎದಿ ಸ್ವಚ್ಛ ಐತಿ."

ಗದಗ-ಬೆಟಗೇರಿಯ ಯಾವ ದವಾಖಾನೆಯ ಮುಂದೆ ಸ್ವಲ್ಪ ಹೊತ್ತು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಎಕ್ಸ್-ರೇಗೆ ಜನರ ಬಾಯಲ್ಲಿ ಫೋಟೋ ಎಂದೇ ಹೆಸರು. ಲಕ್ಷ್ಮೇಶ್ವರದಿಂದಲೋ ಮುಂಡರಗಿಯಿಂದಲೋ ಬೆಳಗಿನ ಬಸ್ಸು ಹಿಡಿದು ಬಂದವರು, ಮಧ್ಯಾಹ್ನದ ಹೊತ್ತಿಗೆ ಆ ಕಪ್ಪು ಹಾಳೆಯನ್ನು ಕವರಿನಲ್ಲಿಟ್ಟುಕೊಂಡು ಸಮಾಧಾನದಿಂದ ಊರಿಗೆ ಮರಳುತ್ತಾರೆ. ಕೆಮ್ಮು, ಜ್ವರ ಎಂದು ಹೋದ ಬಹಳಷ್ಟು ಜನರಿಗೆ ಆ ಸಮಾಧಾನ ಸರಿಯಾದದ್ದೇ. ಆದರೆ ಕೆಲವು ಮನೆಗಳಲ್ಲಿ ಅದೇ ಮಾತು ಅಪಾಯಕ್ಕೆ ದಾರಿಯಾಗುತ್ತದೆ. ಮೈಯ ರೋಗನಿರೋಧಕ ಶಕ್ತಿ ಕುಗ್ಗಿದವರ ಎದೆಯಲ್ಲಿ ನ್ಯುಮೋನಿಯಾ ಸೇರಿಕೊಂಡಾಗ ಅದು ನಾವು ನಿರೀಕ್ಷಿಸಿದ ಜಾಗದಲ್ಲಿ, ನಿರೀಕ್ಷಿಸಿದ ರೂಪದಲ್ಲಿ ಕಾಣುವುದಿಲ್ಲ. ಒಮ್ಮೊಮ್ಮೆ ಎಕ್ಸ್-ರೇಯಲ್ಲಿ ಕಾಣುವುದೇ ಇಲ್ಲ.

ಅದು ಏಕೆ ಹಾಗೆ, ಯಾರ ವಿಷಯದಲ್ಲಿ ಹಾಗೆ, ಮನೆಯಲ್ಲಿ ರೋಗಿಯ ಆರೈಕೆ ಮಾಡುವ ನಾವು ಏನು ಮಾಡಬಹುದು ಎಂಬುದನ್ನು ಈ ತಿಂಗಳು ನೋಡೋಣ.

ಬಿಳಿ ಮಚ್ಚೆ ಎಂದರೆ ಏನು?

1895ರಲ್ಲಿ ಜರ್ಮನಿಯ ವಿಜ್ಞಾನಿ ರಾಂಟ್‌ಜನ್ ಎಕ್ಸ್-ಕಿರಣವನ್ನು ಕಂಡುಹಿಡಿದು ತನ್ನ ಹೆಂಡತಿಯ ಕೈಯ ಚಿತ್ರ ತೆಗೆದಾಗ, ಅದರಲ್ಲಿ ಎಲುಬುಗಳೂ ಬೆರಳಿನ ಉಂಗುರವೂ ಕಂಡವು. ಗಟ್ಟಿಯಾದ ವಸ್ತು ಕಿರಣವನ್ನು ತಡೆಯುತ್ತದೆ, ಅದು ಬಿಳಿಯಾಗಿ ಕಾಣುತ್ತದೆ. ಗಾಳಿ ತಡೆಯುವುದಿಲ್ಲ, ಅದು ಕಪ್ಪಾಗಿ ಕಾಣುತ್ತದೆ. ನಮ್ಮ ಶ್ವಾಸಕೋಶದ ತುಂಬ ಗಾಳಿ ಇರುವುದರಿಂದ ಆರೋಗ್ಯವಂತರ ಎದೆಯ ಎಕ್ಸ್-ರೇ ಎರಡೂ ಬದಿ ಕಪ್ಪಾಗಿರುತ್ತದೆ. ನ್ಯುಮೋನಿಯಾ ಆದಾಗ ಆ ಗಾಳಿ ಇದ್ದ ಜಾಗದಲ್ಲಿ ನೀರು, ಕೀವು ತುಂಬಿ ಬಿಳಿ ಮಚ್ಚೆ ಕಾಣಿಸಿಕೊಳ್ಳುತ್ತದೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಆ ಮಚ್ಚೆ ರೋಗಾಣುವಿನದಲ್ಲ. ರೋಗಾಣು ಎಕ್ಸ್-ರೇಗೆ ಕಾಣುವಷ್ಟು ದೊಡ್ಡದಲ್ಲ. ರೋಗಾಣು ಬಂದಿದೆ ಎಂದು ತಿಳಿದ ಕೂಡಲೇ ರಕ್ತದ ಬಿಳಿ ಕಣಗಳು ಅಲ್ಲಿಗೆ ಧಾವಿಸುತ್ತವೆ, ಹೋರಾಡುತ್ತವೆ, ಸಾಯುತ್ತವೆ. ಸುತ್ತಲಿನ ಜಾಗ ಊದಿಕೊಳ್ಳುತ್ತದೆ. ಕೀವು ಎಂದರೆ ಬಹುಪಾಲು ಹೀಗೆ ಸತ್ತ ಬಿಳಿ ಕಣಗಳೇ. ಅಂದರೆ ವೈದ್ಯರು ಎಕ್ಸ್-ರೇಯಲ್ಲಿ ನೋಡುವುದು ಬಹುಮಟ್ಟಿಗೆ ನಮ್ಮ ಮೈ ನಡೆಸಿದ ಹೋರಾಟದ ಗುರುತನ್ನು.

ಹಾಗಾದರೆ ಹೋರಾಡುವ ಪಡೆಯೇ ಇಲ್ಲದಿದ್ದರೆ? ರೋಗಾಣು ಒಳಗೆ ಬೆಳೆಯುತ್ತಲೇ ಇರುತ್ತದೆ, ಗುರುತು ಮಾತ್ರ ಮೂಡುವುದಿಲ್ಲ, ಇಲ್ಲವೆ ವಿಚಿತ್ರವಾಗಿ ಮೂಡುತ್ತದೆ. ಕ್ಯಾನ್ಸರಿಗೆ ಕೀಮೋಥೆರಪಿ ಪಡೆದು ಬಿಳಿ ಕಣ ತೀರಾ ಇಳಿದವರಿಗೆ ಜ್ವರ ಬಂದಾಗ ಮೊದಲ ಎಕ್ಸ್-ರೇ ಸ್ವಚ್ಛವಾಗಿ ಬರುವುದು ಅಪರೂಪವಲ್ಲ. ಆದ್ದರಿಂದಲೇ ಅಂಥವರಿಗೆ ಜ್ವರ ಬಂತೆಂದರೆ ವೈದ್ಯರು ಎಕ್ಸ್-ರೇಯ ದಾರಿ ಕಾಯದೆ ಕೂಡಲೇ ದಾಖಲು ಮಾಡಿಕೊಂಡು ಚಿಕಿತ್ಸೆ ಆರಂಭಿಸುತ್ತಾರೆ.

ಯಾರು ಯಾರು ಎಚ್ಚರವಾಗಿರಬೇಕು?

ರೋಗನಿರೋಧಕ ಶಕ್ತಿ ಕುಗ್ಗಿದವರು ಎಂದ ಕೂಡಲೇ ಬಹಳ ಜನರಿಗೆ ಎಚ್.ಐ.ವಿ. ಒಂದೇ ನೆನಪಾಗುತ್ತದೆ. ಪಟ್ಟಿ ಅದಕ್ಕಿಂತ ಉದ್ದವಾಗಿದೆ. ಕೀಮೋಥೆರಪಿ ಪಡೆಯುತ್ತಿರುವವರು, ರಕ್ತದ ಕ್ಯಾನ್ಸರ್ ಇರುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡು ಜೀವನಪೂರ್ತಿ ಗುಳಿಗೆ ನುಂಗುವವರು, ಸಂಧಿವಾತ ಅಥವಾ ಲೂಪಸ್ ರೋಗಕ್ಕೆ ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಪಡೆಯುವವರು, ಹಲವು ವಾರ ಸ್ಟಿರಾಯ್ಡ್ ತೆಗೆದುಕೊಂಡವರು, ಹತೋಟಿ ಮೀರಿದ ಸಕ್ಕರೆ ಕಾಯಿಲೆಯವರು, ಡಯಾಲಿಸಿಸ್‌ನಲ್ಲಿರುವವರು. ತೀವ್ರ ಅಪೌಷ್ಟಿಕತೆಯಿಂದ ಬಳಲುವ ಕೂಸುಗಳೂ ಇದೇ ಸಾಲಿಗೆ ಸೇರುತ್ತವೆ.

ಈಗ ನಿಮ್ಮ ಮನೆ, ನಿಮ್ಮ ತವರುಮನೆ, ಅಕ್ಕಪಕ್ಕದ ನಾಲ್ಕು ಮನೆಗಳನ್ನು ನೆನೆದು ನೋಡಿ. ಈ ಪಟ್ಟಿಯಲ್ಲಿ ಒಬ್ಬರಾದರೂ ಸಿಗದೆ ಇರಲಾರರು. ಇಂಥವರಿಗೆ ಮಾತ್ರ ಕಾಡುವ, ಆರೋಗ್ಯವಂತರ ಮುಂದೆ ತಲೆ ಎತ್ತದ ರೋಗಾಣುಗಳಿವೆ. ಮೈ ಸೋತ ಸಂದರ್ಭವನ್ನು ನೋಡಿಕೊಂಡು ನುಗ್ಗುವುದರಿಂದ ಇವುಗಳನ್ನು ವೈದ್ಯರು ಅವಕಾಶವಾದಿ ಸೋಂಕು ಎನ್ನುತ್ತಾರೆ.

ಮಸುಕು ಗಾಜಿನಂಥ ನ್ಯುಮೋನಿಯಾ

ಇವುಗಳಲ್ಲಿ ಮುಖ್ಯವಾದದ್ದು ನ್ಯುಮೋಸಿಸ್ಟಿಸ್ ನ್ಯುಮೋನಿಯಾ. ಎರಡನೇ ಮಹಾಯುದ್ಧದ ನಂತರ ಯುರೋಪಿನ ಅನಾಥಾಲಯಗಳಲ್ಲಿ ಸೊರಗಿದ ಶಿಶುಗಳು ಉಸಿರು ಸಿಗದೆ ಸಾಯುತ್ತಿದ್ದವು. 1952ರಲ್ಲಿ ಜೆಕ್ ನಾಡಿನ ಯಿರೊವೆಟ್ಸ್ ಮತ್ತು ವಾನೆಕ್ ಎಂಬ ಸಂಶೋಧಕರು ಅದರ ಹಿಂದಿರುವ ಜೀವಿ ಇದೇ ಎಂದು ತೋರಿಸಿದರು. ಇಂದಿಗೂ ಆ ಜೀವಿಯ ಹೆಸರಿನಲ್ಲಿ ಯಿರೊವೆಟ್ಸ್ ಅವರ ಹೆಸರು ಸೇರಿಕೊಂಡಿದೆ. ಅದು ಒಂದು ಬಗೆಯ ಶಿಲೀಂಧ್ರ ಎಂಬುದು 1988ರಲ್ಲಿ ತಿಳಿಯಿತು. ಗಾಳಿಯ ಮೂಲಕ ಇದು ಬಹುತೇಕ ಎಲ್ಲರಿಗೂ ಬಾಲ್ಯದಲ್ಲೇ ತಾಗಿ ಹೋಗಿರುತ್ತದೆ. ಆರೋಗ್ಯವಂತರಿಗೆ ಅದರ ಸುಳಿವೂ ಇರುವುದಿಲ್ಲ.

ಇದೇ ರೋಗವೇ ಏಡ್ಸ್‌ನ ಮೊದಲ ಸುಳಿವನ್ನು ಕೊಟ್ಟದ್ದು. ಅಮೆರಿಕದಲ್ಲಿ ಈ ನ್ಯುಮೋನಿಯಾಕ್ಕೆ ಬಳಸುವ ಪೆಂಟಮಿಡಿನ್ ಎಂಬ ಔಷಧಿ ಆಗ ಒಂದೇ ಸರಕಾರಿ ಕೇಂದ್ರದಿಂದ ಸಿಗುತ್ತಿತ್ತು. 1981ರಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಸ್ಯಾಂಡ್ರಾ ಫೋರ್ಡ್ ಎಂಬ ಮಹಿಳೆ, ಕ್ಯಾನ್ಸರೂ ಇಲ್ಲದ, ಕಸಿಯೂ ಆಗದ ತರುಣರಿಗೆ ಈ ಔಷಧಿ ಬೇಕೆಂದು ಮತ್ತೆ ಮತ್ತೆ ಕೋರಿಕೆ ಬರುತ್ತಿರುವುದನ್ನು ಗಮನಿಸಿದರು. ಈ ಔಷಧಿ ಇವರಿಗೇಕೆ ಎಂಬ ಪ್ರಶ್ನೆಯನ್ನು ಮೇಲಿನವರಿಗೆ ತಲುಪಿಸಿದರು. ಅದೇ ವರ್ಷ ಜೂನ್ 5ರಂದು ಲಾಸ್ ಏಂಜಲೀಸಿನ ಐವರು ತರುಣರ ನ್ಯುಮೋಸಿಸ್ಟಿಸ್ ನ್ಯುಮೋನಿಯಾದ ವರದಿ ಪ್ರಕಟವಾಯಿತು. ಅದು ಏಡ್ಸ್‌ನ ಕುರಿತ ಮೊದಲ ವರದಿ. ಸ್ಯಾಂಡ್ರಾ ಫೋರ್ಡ್ ವೈದ್ಯೆಯಲ್ಲ. ಯಾರಿಗೆ ಯಾವ ಔಷಧಿ, ಯಾಕೆ ಎಂದು ಕೇಳಿದರು, ಅಷ್ಟೆ. ಈ ಪ್ರಶ್ನೆಯನ್ನು ನೆನಪಿಡಿ, ಮುಂದೆ ಮತ್ತೆ ಬೇಕಾಗುತ್ತದೆ.

ಈ ನ್ಯುಮೋನಿಯಾದ ಚಿತ್ರ ಹೇಗಿರುತ್ತದೆ? ಸಾಮಾನ್ಯ ನ್ಯುಮೋನಿಯಾದಂತೆ ಒಂದು ಬದಿಯಲ್ಲಿ ದಟ್ಟ ಬಿಳಿ ಮಚ್ಚೆ ಇರುವುದಿಲ್ಲ. ಎರಡೂ ಶ್ವಾಸಕೋಶದಲ್ಲಿ ತೆಳುವಾದ ಮಂಜು ಕವಿದಂತೆ ಇರುತ್ತದೆ. ಬಚ್ಚಲುಮನೆಯ ಕಿಟಕಿಗೆ ಹಾಕುವ ಮಸುಕು ಗಾಜನ್ನು ನೋಡಿದ್ದೀರಲ್ಲ, ಹಾಗೆ. ಹಿಂದಿನದು ಮಬ್ಬಾಗಿ ಕಾಣುತ್ತದೆ, ಪೂರ್ತಿ ಮುಚ್ಚಿಹೋಗುವುದಿಲ್ಲ. ಸಾಮಾನ್ಯ ಎಕ್ಸ್-ರೇಗೆ ಇಷ್ಟು ತೆಳು ಮಬ್ಬು ಅನೇಕ ಸಲ ಸಿಕ್ಕುವುದಿಲ್ಲ. ಆರಂಭದಲ್ಲಿ ಹತ್ತು ರೋಗಿಗಳಲ್ಲಿ ಒಬ್ಬರಿಂದ ಮೂವರವರೆಗೆ ಎಕ್ಸ್-ರೇ ಸರಿಯಾಗಿಯೇ ಕಾಣಬಹುದು. ಎದೆಯನ್ನು ಪದರ ಪದರವಾಗಿ ತೋರಿಸುವ ಸಿ.ಟಿ. ಸ್ಕ್ಯಾನ್‌ನಲ್ಲಿ ಮಾತ್ರ ಅದು ಸಿಕ್ಕಿಬೀಳುತ್ತದೆ.

ಇನ್ನೂ ವಿಚಿತ್ರವಾದ ರೂಪಗಳಿವೆ. ಕೆಲವರಲ್ಲಿ ಶ್ವಾಸಕೋಶದೊಳಗೆ ಗುಳ್ಳೆಗಳಂಥ ಪೊಳ್ಳುಗಳಾಗುತ್ತವೆ. ಆ ಗುಳ್ಳೆ ಒಡೆದರೆ ಗಾಳಿ ಹೊರಗೆ ಸೋರಿ ಶ್ವಾಸಕೋಶ ಕುಸಿಯುತ್ತದೆ. ಎದೆಯಲ್ಲಿ ಇದ್ದಕ್ಕಿದ್ದಂತೆ ನೋವು, ಉಸಿರುಕಟ್ಟು. ಇದು ತುರ್ತು ಪರಿಸ್ಥಿತಿ. ಮತ್ತೆ ಕೆಲವರಲ್ಲಿ ಗಂಟುಗಳು ಕಂಡು ಟಿ.ಬಿ. ಅಥವಾ ಕ್ಯಾನ್ಸರ್ ಎಂಬ ಅನುಮಾನ ಹುಟ್ಟಿಸುತ್ತವೆ.

ಲಕ್ಷಣಗಳೂ ಮೋಸ ಮಾಡುತ್ತವೆ. ಒಣ ಕೆಮ್ಮು, ಸಣ್ಣ ಜ್ವರ, ದಿನದಿಂದ ದಿನಕ್ಕೆ ಏರುವ ದಮ್ಮು. ಕೂತಾಗ ಏನೂ ಇಲ್ಲ, ಬಾವಿಯಿಂದ ಒಂದು ಕೊಡ ನೀರು ತಂದರೆ ಏದುಸಿರು. ಎಚ್.ಐ.ವಿ. ಇರುವವರಲ್ಲಿ ಇದು ಹಲವು ವಾರ ಎಳೆದಾಡುತ್ತದೆ. ಅವರಲ್ಲಿ ಸಿ.ಡಿ.4 ಎಂಬ ರಕ್ತಕಣದ ಎಣಿಕೆ 200ಕ್ಕಿಂತ ಕೆಳಗಿಳಿದಾಗ ಅಪಾಯ ಹೆಚ್ಚು. ಸ್ಟಿರಾಯ್ಡ್ ಅಥವಾ ಕೀಮೋಥೆರಪಿಯಿಂದ ನಿರೋಧಕ ಶಕ್ತಿ ಕಳೆದುಕೊಂಡವರಲ್ಲಿ ಕೆಲವೇ ದಿನಗಳಲ್ಲಿ ಉಲ್ಬಣಿಸುತ್ತದೆ, ಸಾವಿನ ಪ್ರಮಾಣವೂ ಅವರಲ್ಲೇ ಹೆಚ್ಚು.

ಸಾಮಾನ್ಯ ನ್ಯುಮೋನಿಯಾದ ಆಂಟಿಬಯೋಟಿಕ್ ಇದಕ್ಕೆ ನಾಟುವುದಿಲ್ಲ. ಇದು ಶಿಲೀಂಧ್ರವಾದರೂ ಶಿಲೀಂಧ್ರಕ್ಕೆ ಕೊಡುವ ಮಾಮೂಲಿ ಔಷಧಿಗಳೂ ಇದರ ಮೇಲೆ ಕೆಲಸ ಮಾಡುವುದಿಲ್ಲ. ಕೆಲಸ ಮಾಡುವುದು ಕೋಟ್ರೈಮಾಕ್ಸಜೋಲ್ ಎಂಬ ಅಗ್ಗದ ಹಳೆಯ ಔಷಧಿ. ಅಪಾಯ ಹೆಚ್ಚಿರುವವರಿಗೆ ಇದನ್ನು ಮುಂಜಾಗ್ರತೆಗಾಗಿಯೂ ಕೊಡುತ್ತಾರೆ. ಎಚ್.ಐ.ವಿ. ಚಿಕಿತ್ಸಾ ಕೇಂದ್ರದಲ್ಲಿ ಕೊಟ್ಟ ಈ ಗುಳಿಗೆಯನ್ನು "ಇದು ಸಾದಾ ಗುಳಿಗಿ" ಎಂದು ಬದಿಗಿಡಬಾರದು. ಹಾಗೆಂದು ಸ್ವಂತ ನಿರ್ಧಾರದಿಂದ ಅಂಗಡಿಯಲ್ಲಿ ಕೊಂಡು ನುಂಗುವುದೂ ಸಲ್ಲದು. ಕೆಲವರಿಗೆ ಇದರಿಂದ ಚರ್ಮದ ಮೇಲೆ ಗಂಭೀರ ಅಲರ್ಜಿ ಆಗುತ್ತದೆ.

ವೇಷ ಬದಲಿಸುವ ಟಿ.ಬಿ.

ನಮ್ಮಲ್ಲಿ ಅತಿ ಹೆಚ್ಚಾಗಿ ಎದುರಾಗುವ ಅವಕಾಶವಾದಿ ಸೋಂಕು ಎಂದರೆ ಕ್ಷಯ. ಟಿ.ಬಿ. ಆರೋಗ್ಯವಂತರಿಗೂ ಬರುತ್ತದೆ. ಆದರೆ ಸೋತ ಮೈಯಲ್ಲಿ ಅದರ ಚಿತ್ರವೇ ಬೇರೆ.

ಸಾಮಾನ್ಯವಾಗಿ ದೊಡ್ಡವರಲ್ಲಿ ಟಿ.ಬಿ. ಶ್ವಾಸಕೋಶದ ಮೇಲ್ಭಾಗದಲ್ಲಿ ಕೂತು ಗೂಡು ಕೊರೆಯುತ್ತದೆ. ಆ ಗೂಡನ್ನು ಕೊರೆಯುವುದರಲ್ಲಿಯೂ ನಮ್ಮ ಮೈಯ ಹೋರಾಟದ ಪಾತ್ರವಿದೆ. ಎಚ್.ಐ.ವಿ. ಮುಂದುವರಿದವರಲ್ಲಿ ಆ ಗೂಡು ಕಾಣುವುದಿಲ್ಲ. ರೋಗ ಕೆಳಭಾಗದಲ್ಲಿ ಇರಬಹುದು, ಎದೆಯ ನಡುವಿನ ಗ್ರಂಥಿಗಳು ಊದಿರಬಹುದು, ಶ್ವಾಸಕೋಶದ ಸುತ್ತ ನೀರು ತುಂಬಿರಬಹುದು. ಕೆಲವರ ಎಕ್ಸ್-ರೇಯಲ್ಲಿ ಅಂಗಳದ ತುಂಬ ನವಣೆ ಕಾಳು ಚೆಲ್ಲಿದಂತೆ ಸಣ್ಣ ಸಣ್ಣ ಚುಕ್ಕೆಗಳು. ವೈದ್ಯರು ಇದಕ್ಕೆ ಮಿಲಿಯರಿ ಟಿ.ಬಿ. ಎನ್ನುತ್ತಾರೆ. ಆ ಹೆಸರು ಬಂದದ್ದೂ ಲ್ಯಾಟಿನ್ ಭಾಷೆಯಲ್ಲಿ ಸಿರಿಧಾನ್ಯಕ್ಕಿರುವ ಪದದಿಂದಲೇ. ಇನ್ನು ಕೆಲವರ ಎಕ್ಸ್-ರೇಯಲ್ಲಿ ಏನೂ ಇರುವುದಿಲ್ಲ.

ಗೂಡು ಇಲ್ಲದ ಕಾರಣ ಕಫದಲ್ಲಿ ಬರುವ ರೋಗಾಣುವೂ ಕಡಿಮೆ. ಹೀಗಾಗಿ ಸೂಕ್ಷ್ಮದರ್ಶಕದಲ್ಲಿ ನೋಡುವ ಹಳೆಯ ಕಫ ಪರೀಕ್ಷೆಯೂ "ಇಲ್ಲ" ಎಂದು ಹೇಳಿಬಿಡಬಹುದು. ಎಕ್ಸ್-ರೇಯೂ ಇಲ್ಲ ಎಂದಿತು, ಕಫವೂ ಇಲ್ಲ ಎಂದಿತು, ಒಳಗೆ ಟಿ.ಬಿ. ಇದೆ. ಇದಕ್ಕಾಗಿಯೇ ಸಿ.ಬಿ. ನ್ಯಾಟ್, ಟ್ರೂನ್ಯಾಟ್ ಎಂಬ ಪರೀಕ್ಷೆಗಳು ಬಂದಿವೆ. ಇವು ರೋಗಾಣುವಿನ ವಂಶವಾಹಿಯನ್ನೇ ಹುಡುಕುತ್ತವೆ. ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ಆ ರೋಗಾಣು ಬಗ್ಗುತ್ತದೆಯೇ ಎಂಬುದನ್ನೂ ಹೇಳುತ್ತವೆ. ಸರಕಾರಿ ವ್ಯವಸ್ಥೆಯಲ್ಲಿ ಈ ಪರೀಕ್ಷೆ ಉಚಿತ.

ಸಕ್ಕರೆ ಕಾಯಿಲೆಯವರ ವಿಷಯ ಬೇರೆ. ಅವರಲ್ಲಿ ಗೂಡು ಆಗುತ್ತದೆ, ಆದರೆ ಅನೇಕ ಸಲ ಕೆಳಭಾಗದಲ್ಲಿ. ಕೆಳಭಾಗದ ಮಚ್ಚೆ ಕಂಡಾಗ ಮೊದಲ ನೋಟಕ್ಕೆ ಸಾದಾ ನ್ಯುಮೋನಿಯಾ ಎನಿಸುವುದು ಸಹಜ. ಎರಡು ಸುತ್ತು ಆಂಟಿಬಯೋಟಿಕ್ ಮುಗಿಯುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ಆದ್ದರಿಂದಲೇ ಟಿ.ಬಿ. ಎಂದು ಗೊತ್ತಾದ ಪ್ರತಿಯೊಬ್ಬರಿಗೂ ಸಕ್ಕರೆ ಮತ್ತು ಎಚ್.ಐ.ವಿ. ಪರೀಕ್ಷೆ ಮಾಡುವ ಕ್ರಮ ನಮ್ಮ ದೇಶದ ಟಿ.ಬಿ. ಕಾರ್ಯಕ್ರಮದಲ್ಲಿದೆ. ಆ ಪರೀಕ್ಷೆ ಬರೆದುಕೊಟ್ಟರೆ "ನಮ್ಮ ಮನೆಯವರ ಮೇಲೆ ಅನುಮಾನವೇ?" ಎಂದು ಸಿಟ್ಟಾಗಬೇಡಿ. ಅದು ಎಲ್ಲರಿಗೂ ಮಾಡುವ ಪರೀಕ್ಷೆ.

ಉಂಗುರದಂಥ ಮಚ್ಚೆಗಳು

ಕೊರೋನಾದ ಎರಡನೇ ಅಲೆ ಬಂದ 2021ನ್ನು ಯಾರೂ ಮರೆತಿಲ್ಲ. ಆ ವರ್ಷದ ಮೇ ತಿಂಗಳಿಂದ ಕಪ್ಪು ಶಿಲೀಂಧ್ರ ಎಂಬ ಹೆಸರು ಮನೆಮಾತಾಯಿತು. ಅದರ ನಿಜವಾದ ಹೆಸರು ಮ್ಯೂಕರ್. ಸಕ್ಕರೆ ಹತೋಟಿ ತಪ್ಪಿದವರಿಗೆ ಕೊರೋನಾಕ್ಕಾಗಿ ಸ್ಟಿರಾಯ್ಡ್ ಕೊಟ್ಟಾಗ, ಎರಡೂ ಸೇರಿ ಅದಕ್ಕೆ ಬಾಗಿಲು ತೆರೆದವು. ಹೆಚ್ಚಿನವರಿಗೆ ಅದು ಮೂಗು, ಕಣ್ಣಿನ ಕಡೆ ಬಂತು, ಕೆಲವರಿಗೆ ಶ್ವಾಸಕೋಶಕ್ಕೂ ಇಳಿಯಿತು. ಕೊರೋನಾ ಸ್ವತಃ ಸಿ.ಟಿ.ಯಲ್ಲಿ ಮಸುಕು ಗಾಜಿನಂತೆ ಕಾಣುವುದರಿಂದ, ಆ ಮಬ್ಬಿನ ನಡುವೆ ಈ ಹೊಸ ವೈರಿಯನ್ನು ಗುರುತಿಸುವುದು ವೈದ್ಯರಿಗೂ ಕಠಿಣವಾಗಿತ್ತು.

ಶ್ವಾಸಕೋಶದ ಮ್ಯೂಕರ್‌ಗೆ ಸಿ.ಟಿ.ಯಲ್ಲಿ ಕೆಲವೊಮ್ಮೆ ಒಂದು ವಿಶಿಷ್ಟ ಗುರುತು ಸಿಗುತ್ತದೆ. ಸುತ್ತ ದಪ್ಪ ಬಿಳಿ ಬಳೆ, ಒಳಗೆ ಮಬ್ಬು. ಇನ್ನೊಂದು ಶಿಲೀಂಧ್ರವಾದ ಆಸ್ಪರ್ಜಿಲಸ್‌ನದು ಇದಕ್ಕೆ ತಿರುಗುಮುರುಗು. ನಡುವೆ ಗಟ್ಟಿ ಬಿಳಿ ಗಂಟು, ಅದರ ಸುತ್ತ ಚಂದ್ರನಿಗೆ ಕಣ ಕಟ್ಟಿದಂತೆ ಮಬ್ಬಿನ ಬಳೆ. ಎರಡಕ್ಕೂ ಕೊಡುವ ಔಷಧಿ ಬೇರೆಯಾದ್ದರಿಂದ ಈ ವ್ಯತ್ಯಾಸ ಮುಖ್ಯ. ಆದರೂ ಚಿತ್ರವೊಂದನ್ನೇ ನಂಬದೆ, ಕೊಳವೆ ಇಳಿಸಿ ಶ್ವಾಸಕೋಶದಿಂದ ನೀರು ಅಥವಾ ಸಣ್ಣ ತುಣುಕು ತೆಗೆದು ಖಚಿತಪಡಿಸಿಕೊಳ್ಳುತ್ತಾರೆ.

ಈ ಶಿಲೀಂಧ್ರಗಳು ಎಲ್ಲಿಂದಲೋ ಹೊತ್ತು ತಂದವಲ್ಲ. ಕೊಳೆತ ಎಲೆ, ಹಳೆಯ ಮೇವು, ಮುಗ್ಗಿದ ಶೇಂಗಾ, ಕಟ್ಟಡ ಕೆಡವಿದಾಗ ಏಳುವ ಧೂಳು, ಎಲ್ಲೆಡೆ ಅವುಗಳ ಬೀಜಕಣಗಳಿವೆ. ಮುಂಡರಗಿ, ಶಿರಹಟ್ಟಿಯ ಒಕ್ಕಲುತನದ ಮನೆಗಳಲ್ಲಿ ಶೇಂಗಾ ಸುಲಿಯುವುದು, ಕಾಳು ಹಸನು ಮಾಡುವುದು, ಮೆಣಸಿನಕಾಯಿ ಬಿಡಿಸುವುದು ಹೆಂಗಸರ ಕೆಲಸ. ಆರೋಗ್ಯವಂತರು ಹೆದರಬೇಕಾಗಿಲ್ಲ. ಆದರೆ ಕೀಮೋಥೆರಪಿಯಲ್ಲಿರುವವರನ್ನು, ಕಸಿ ಆದವರನ್ನು, ಹೆಚ್ಚಿನ ಸ್ಟಿರಾಯ್ಡ್‌ನಲ್ಲಿರುವವರನ್ನು ಆ ಧೂಳಿನ ಕೆಲಸದಿಂದ ದೂರವಿಡಿ. "ಸುಮ್ಮನೆ ಕೂತಿದ್ದಾಳೆ" ಎಂದು ಮನೆಯ ಸೊಸೆಗೆ ಆ ಕೆಲಸ ಹಚ್ಚಬೇಡಿ.

ಗುಣವಾಗುವಾಗ ಕೆಡುವ ಚಿತ್ರ

ಹೋರಾಟದ ಗುರುತೇ ಚಿತ್ರ ಎಂದೆವಲ್ಲ, ಅದರ ಇನ್ನೊಂದು ಮುಖವನ್ನೂ ತಿಳಿದಿರಬೇಕು. ನಿರೋಧಕ ಶಕ್ತಿ ಮರಳಿ ಬಂದಾಗ ಹೋರಾಟ ಜೋರಾಗುತ್ತದೆ, ಆಗ ಚಿತ್ರ ಕೆಟ್ಟಂತೆ ಕಾಣಬಹುದು. ಎಚ್.ಐ.ವಿ. ಇದ್ದು ಟಿ.ಬಿ. ಇರುವವರಿಗೆ ಎ.ಆರ್.ಟಿ. ಗುಳಿಗೆ ಆರಂಭಿಸಿದ ಕೆಲವು ವಾರಗಳಲ್ಲಿ ಜ್ವರ ಮರುಕಳಿಸಿ, ಗ್ರಂಥಿ ಊದಿ, ಎಕ್ಸ್-ರೇಯಲ್ಲಿ ಹೊಸ ಮಚ್ಚೆ ಕಾಣುವುದುಂಟು. ಎದೆಯಲ್ಲಿ ಆಸ್ಪರ್ಜಿಲಸ್ ಇರುವ ರಕ್ತದ ಕ್ಯಾನ್ಸರ್ ರೋಗಿಗೆ ಬಿಳಿ ಕಣ ಮರಳಿ ಹೆಚ್ಚಿದಾಗ, ಆ ಗಂಟಿನ ಅಂಚಿನಲ್ಲಿ ಬಾಲಚಂದ್ರನ ಆಕಾರದ ಕಪ್ಪು ಗೆರೆ ಮೂಡುತ್ತದೆ. ನೋಡಿದವರಿಗೆ ತೂತು ಬಿದ್ದಂತೆ ಅನಿಸುತ್ತದೆ, ವೈದ್ಯರಿಗೆ ಬಹಳ ಸಲ ಅದು ಒಳ್ಳೆಯ ಸೂಚನೆ.

ಇದು ತಿಳಿಯದ ಮನೆಯವರು "ಗುಳಿಗಿ ಸುರು ಮಾಡಿದ ಮ್ಯಾಲೆ ಬ್ಯಾನಿ ಹೆಚ್ಚಾತು" ಎಂದು ಎ.ಆರ್.ಟಿ.ಯನ್ನೇ ನಿಲ್ಲಿಸಿಬಿಡುತ್ತಾರೆ. ಅದರಿಂದ ಆಗುವ ಹಾನಿಗೆ ಲೆಕ್ಕವಿಲ್ಲ. ಹೆಚ್ಚಾಯಿತು ಎನಿಸಿದರೆ ಗುಳಿಗೆ ಬಿಡದೆ ಅದೇ ಕೇಂದ್ರಕ್ಕೆ ಓಡಿ. ಅದು ಹೋರಾಟದ ಜೋರೋ, ಔಷಧಿ ನಾಟದ ಟಿ.ಬಿ.ಯೋ, ಇನ್ನೊಂದು ಸೋಂಕೋ ಎಂದು ನಿರ್ಧರಿಸಬೇಕಾದವರು ವೈದ್ಯರು.

ಸಣ್ಣ ಬಿಳಿ ಗುಳಿಗೆ

ಈಗ ಸ್ಯಾಂಡ್ರಾ ಫೋರ್ಡ್ ಕೇಳಿದ ಪ್ರಶ್ನೆಗೆ ಬರೋಣ. ಶಿರಹಟ್ಟಿ ತಾಲೂಕಿನ ಒಂದು ಹಳ್ಳಿಯ ಮನೆಯನ್ನು ಊಹಿಸಿಕೊಳ್ಳಿ. ಇದು ಯಾರೊಬ್ಬರ ಕಥೆಯೂ ಅಲ್ಲ, ಯಾವ ಮನೆಯಲ್ಲೂ ನಡೆಯಬಹುದಾದದ್ದು. ಐವತ್ತೈದು ದಾಟಿದ ಅಮ್ಮೀಜಾನ್‌ಗೆ ಎರಡು ವಾರದಿಂದ ದಮ್ಮು. ಎಕ್ಸ್-ರೇ ಸ್ವಚ್ಛ. ವೈದ್ಯರು ಕೇಳುತ್ತಾರೆ: "ಅಮ್ಮಾರ, ದಿನಾ ಏನರ ಗುಳಿಗಿ ತಗೊಂತೀರೇನು?"

"ಇಲ್ರಿ ಸಾಹೇಬ್ರ, ಏನೂ ಇಲ್ಲ. ಮೊಣಕಾಲ ನೋವಿಗೆ ಒಂದು ಸಣ್ಣ ಗುಳಿಗಿ, ಅಷ್ಟ."

ಆ ಸಣ್ಣ ಗುಳಿಗೆಯೇ ಸ್ಟಿರಾಯ್ಡ್ ಆಗಿರಬಹುದು. ಎಂಟು ತಿಂಗಳಿಂದ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಂಡು ನುಂಗಿದ್ದಿರಬಹುದು. ಹೆಸರಿಲ್ಲದ ಪುಡಿಯ ಪೊಟ್ಟಣದಲ್ಲಿಯೂ ಅದು ಬೆರೆತಿರುವುದುಂಟು. ಒಂದೇ ದಿನದಲ್ಲಿ ನೋವು ಮಾಯ, ಹಸಿವು ಹೆಚ್ಚು, ಕೆಲವು ವಾರಗಳಲ್ಲಿ ಮುಖ ದುಂಡಗೆ. "ಮೈ ತುಂಬಿಕೊಂಡಾಳ" ಎಂದು ಬಂಧುಗಳು ಸಂತೋಷಪಡುತ್ತಾರೆ. ದಿನಕ್ಕೆ 20 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೆಡ್ನಿಸೊಲೋನ್ ಅನ್ನು ತಿಂಗಳುಗಟ್ಟಲೆ ತೆಗೆದುಕೊಂಡವರಲ್ಲಿ ನ್ಯುಮೋಸಿಸ್ಟಿಸ್‌ನ ಅಪಾಯವಿದೆ ಎಂದು ವೈದ್ಯರಿಗೆ ಗೊತ್ತು. ಆದರೆ ಗುಳಿಗೆಯ ವಿಷಯವೇ ಗೊತ್ತಿಲ್ಲದಿದ್ದರೆ ಅವರು ಆ ದಿಕ್ಕಿನಲ್ಲಿ ಯೋಚಿಸುವುದು ಹೇಗೆ?

ಒಂದು ಎಚ್ಚರಿಕೆ. ಇದನ್ನು ಓದಿ ಹೆದರಿ ಸ್ಟಿರಾಯ್ಡ್ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಬಹಳ ದಿನ ತೆಗೆದುಕೊಂಡವರ ಮೈ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ತಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು. ವೈದ್ಯರ ಸಲಹೆಯಂತೆ ಹಂತ ಹಂತವಾಗಿ ಇಳಿಸಬೇಕು. ವೈದ್ಯರೇ ಬರೆದುಕೊಟ್ಟ ಸ್ಟಿರಾಯ್ಡ್ ಅನೇಕ ರೋಗಗಳಲ್ಲಿ ಜೀವ ಉಳಿಸುತ್ತದೆ ಎಂಬುದೂ ನಿಜ.

ಇನ್ನು ಮುಚ್ಚಿಡುವ ವಿಷಯ. 2000ರ ದಶಕದಲ್ಲಿ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳನ್ನು ಎಚ್.ಐ.ವಿ. ತೀವ್ರವಾಗಿ ಕಾಡಿತು. 2004ರ ಏಪ್ರಿಲ್ 1ರಿಂದ ದೇಶದಲ್ಲಿ ಉಚಿತ ಎ.ಆರ್.ಟಿ. ಆರಂಭವಾದ ಮೇಲೆ ಲಕ್ಷಾಂತರ ಜನ ಎಲ್ಲರಂತೆ ದುಡಿದು ಬಾಳುತ್ತಿದ್ದಾರೆ. ಆದರೂ ಅತ್ತೆಗೆ ಗೊತ್ತಾಗಬಾರದು, ಮೊಹಲ್ಲಾದಲ್ಲಿ ಸುದ್ದಿಯಾಗಬಾರದು ಎಂದು ಗುಳಿಗೆಯ ಡಬ್ಬಿಯ ಚೀಟಿ ಕಿತ್ತು ಅಕ್ಕಿಯ ಡಬ್ಬದಲ್ಲಿ ಇಡುವವರಿದ್ದಾರೆ. ಅವರ ಭಯ ಅರ್ಥವಾಗುತ್ತದೆ. ಜಗತ್ತಿಗೆ ಹೇಳಬೇಕೆಂದು ಯಾರೂ ಹೇಳುತ್ತಿಲ್ಲ. ಚಿಕಿತ್ಸೆ ಮಾಡುವ ವೈದ್ಯರಿಗೆ ಮಾತ್ರ ಹೇಳಿ. ಜೊತೆಗೆ ಬಂದ ಬಂಧುಗಳನ್ನು ಹೊರಗೆ ಕೂರಿಸಿ ಹೇಳಿ. 2017ರ ಎಚ್.ಐ.ವಿ. ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಸೋಂಕಿತರ ಗುಟ್ಟನ್ನು ಕಾಪಾಡುವುದು ಅದರ ಪ್ರಕಾರ ಕಡ್ಡಾಯ, ಚಿಕಿತ್ಸೆಯಲ್ಲಿ ಭೇದ ಮಾಡುವುದು ನಿಷಿದ್ಧ. ಸಲಹೆ ಬೇಕಾದರೆ 1097 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ.

ಮನೆಯಲ್ಲಿ ಏನು ಮಾಡಬಹುದು?

ಒಂದು ಹಳೆಯ ನೋಟುಬುಕ್ಕು ಸಾಕು. ರೋಗಿಯ ಹೆಸರು, ಇರುವ ಕಾಯಿಲೆಗಳು, ನಿತ್ಯ ನುಂಗುವ ಪ್ರತಿಯೊಂದು ಗುಳಿಗೆ, ಎಂದಿನಿಂದ, ಎಷ್ಟು, ಹಿಂದೆ ಟಿ.ಬಿ. ಆಗಿತ್ತೇ, ಮನೆಯಲ್ಲಿ ಯಾರಿಗಾದರೂ ಇತ್ತೇ, ಇಷ್ಟನ್ನು ಬರೆದಿಡಿ. ಬರೆಯಲು ಬರದಿದ್ದರೆ ಗುಳಿಗೆಯ ಖಾಲಿ ಚೀಟಿಗಳನ್ನು, ಪುಡಿಯ ಪೊಟ್ಟಣವನ್ನು ಒಂದು ಚೀಲದಲ್ಲಿ ಹಾಕಿ ಹಾಗೆಯೇ ವೈದ್ಯರ ಮುಂದಿಡಿ. ಹಳೆಯ ಎಕ್ಸ್-ರೇಗಳನ್ನು ಎಸೆಯಬೇಡಿ. ಹಿಂದಿನದನ್ನು ಪಕ್ಕದಲ್ಲಿಟ್ಟು ನೋಡಿದಾಗಲೇ ತೆಳುವಾದ ಬದಲಾವಣೆ ಗೊತ್ತಾಗುವುದು.

ಬೆರಳಿಗೆ ಹಾಕುವ ಆಕ್ಸಿಮೀಟರ್ ಕೊರೋನಾ ಕಾಲದಲ್ಲಿ ಅನೇಕ ಮನೆಗಳಿಗೆ ಬಂದಿದೆ. ಅದನ್ನು ಹೊರತೆಗೆಯಿರಿ. ಕೂತಾಗ 94ಕ್ಕಿಂತ ಕಡಿಮೆ ತೋರಿಸಿದರೆ, ಅಥವಾ ಕೂತಾಗ ಸರಿಯಿದ್ದು ಆರು ನಿಮಿಷ ಮನೆಯೊಳಗೆ ನಡೆದಾಗ ಮೂರು-ನಾಲ್ಕು ಅಂಕಿ ಇಳಿದರೆ, ಎಕ್ಸ್-ರೇ ಏನೇ ಹೇಳಲಿ, ಆಸ್ಪತ್ರೆಗೆ ಹೋಗಬೇಕು. ಕೂತಲ್ಲೇ ದಮ್ಮು ಇರುವವರನ್ನು ನಡೆಸಿ ನೋಡಬೇಡಿ. ಉಗುರಿಗೆ ದಟ್ಟ ಬಣ್ಣ ಅಥವಾ ಕಪ್ಪು ಮೆಹಂದಿ ಇದ್ದರೆ ಯಂತ್ರ ತಪ್ಪು ತೋರಿಸಬಹುದು, ಬಣ್ಣವಿಲ್ಲದ ಬೆರಳಿಗೆ ಹಾಕಿ.

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಸರಕಾರಿ ಆಸ್ಪತ್ರೆಗೆ ಮೊದಲು ಹೋದರೂ, ನಿರೋಧಕ ಶಕ್ತಿ ಕುಗ್ಗಿದ ರೋಗಿ ಎಂದು ಬಾಯಿಬಿಟ್ಟು ಹೇಳಿ, ಮುಂದಿನ ಪರೀಕ್ಷೆ ಬೇಕೇ ಎಂದು ಕೇಳಿ. ಗದಗಿನಲ್ಲಿ ಜಿಮ್ಸ್ ಎಂದು ಜನ ಕರೆಯುವ ಸರಕಾರಿ ವೈದ್ಯಕೀಯ ಕಾಲೇಜು 2015ರಲ್ಲಿ ಆರಂಭವಾಗಿದೆ. ಅದಕ್ಕೂ ಮೊದಲು ಇಂಥ ರೋಗಿಗಳಿಗೆ ಸರಕಾರಿ ವೈದ್ಯಕೀಯ ಕಾಲೇಜೆಂದರೆ 1957ರಿಂದ ಇರುವ ಹುಬ್ಬಳ್ಳಿಯ ಕಿಮ್ಸ್ ಆಗಿತ್ತು. ಗಂಭೀರವಾದವರನ್ನು ಈಗಲೂ ಅಲ್ಲಿಗೆ ಕಳಿಸುವುದುಂಟು. ಹೋಗುವಾಗ ರೇಷನ್ ಕಾರ್ಡು, ಆಧಾರ್ ಕಾರ್ಡು, ಮೇಲೆ ಹೇಳಿದ ಚೀಲ ಜೊತೆಗಿರಲಿ. ಟಿ.ಬಿ. ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುವ ಯೋಜನೆ 2018ರಲ್ಲಿ ಬಂತು. 2024ರ ನವೆಂಬರಿನಿಂದ ಅದು 1,000 ರೂಪಾಯಿ ಆಗಿದೆ. ಬ್ಯಾಂಕ್ ಖಾತೆಯ ವಿವರ ಕೊಟ್ಟು ಅದನ್ನು ಪಡೆದುಕೊಳ್ಳಿ.

ಸಿ.ಟಿ. ಸ್ಕ್ಯಾನ್‌ಗೆ ಎಕ್ಸ್-ರೇಗಿಂತ ಹತ್ತಾರು ಪಟ್ಟು ಹೆಚ್ಚು ವಿಕಿರಣ ಬೇಕು. ಆದ್ದರಿಂದ ಸಾದಾ ಕೆಮ್ಮಿಗೆಲ್ಲ ಅದನ್ನು ಕೇಳಿ ಮಾಡಿಸಿಕೊಳ್ಳಬಾರದು. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ. ಆದರೆ ಈ ಗುಂಪಿನ ರೋಗಿಗೆ ವೈದ್ಯರು ಬೇಕೆಂದರೆ ಹಿಂಜರಿಯಬೇಡಿ.

ರಮಝಾನಿನಲ್ಲಿ ಗುಳಿಗೆಯ ಹೊತ್ತು ತಪ್ಪಿಸುವವರಿದ್ದಾರೆ. ರೋಗಿಗೆ ಉಪವಾಸದಿಂದ ರಿಯಾಯಿತಿ ಇರುವುದು ನಮಗೆಲ್ಲ ತಿಳಿದದ್ದೇ. ಎ.ಆರ್.ಟಿ., ಟಿ.ಬಿ. ಗುಳಿಗೆ, ಇನ್ಸುಲಿನ್, ಸ್ಟಿರಾಯ್ಡ್ ಪಡೆಯುವವರು ಶಾಬಾನ್ ತಿಂಗಳಲ್ಲೇ ವೈದ್ಯರನ್ನು ಕಂಡು, ಉಪವಾಸ ಹಿಡಿಯಬಹುದೇ, ಹಿಡಿದರೆ ಸಹರಿ ಮತ್ತು ಇಫ್ತಾರ್ ಹೊತ್ತಿಗೆ ಹೇಗೆ ಹೊಂದಿಸಬೇಕು ಎಂದು ಕೇಳಿಕೊಳ್ಳಲಿ.

ಎಕ್ಸ್-ರೇ ಓದುವುದು ನಮ್ಮ ಕೆಲಸವಲ್ಲ. ಆದರೆ ಮನೆಯ ರೋಗಿ ನಿನ್ನೆಗಿಂತ ಇಂದು ಎಷ್ಟು ಹೆಜ್ಜೆ ಕಡಿಮೆ ನಡೆದರು, ಯಾವ ಗುಳಿಗೆ ನುಂಗುತ್ತಿದ್ದಾರೆ, ಎಷ್ಟು ತೂಕ ಇಳಿದಿದ್ದಾರೆ ಎಂಬುದು ಅವರಿಗೆ ಊಟ ಬಡಿಸುವ ನಮಗೆ ಗೊತ್ತು. ಚಿತ್ರದಲ್ಲಿ ಸಿಗದ ಆ ಮಾಹಿತಿಯೇ ವೈದ್ಯರಿಗೆ ದಾರಿ ತೋರಿಸುತ್ತದೆ. ಮುಂದಿನ ಸಲ "ಫೋಟೋದಾಗ ಏನೂ ಇಲ್ಲ" ಎಂದಾಗ ಕವರು ಮಡಚುವ ಮೊದಲು ಇಷ್ಟು ಹೇಳಿ: "ಸಾಹೇಬ್ರ, ಇವರು ಈ ಗುಳಿಗಿ ತಗೊಂತಾರ, ಇವರಿಗೆ ಈ ಕಾಯಿಲೆ ಐತಿ. ಮತ್ತೇನರ ನೋಡಬೇಕೇನ್ರಿ?"